ಎತ್ತರದ ಕೆಲಸಕ್ಕೆ ಪೂರ್ಣದೇಹದ ಹಾರ್ನೆಸ್: ಆರು ತಿಂಗಳ ಬಳಕೆಯ ನಂತರ

ನಗರದ ಬಹುಮಹಡಿ ಕಟ್ಟಡಗಳಿಗೆ ಬಣ್ಣ ಬಳಿಯುವ ನಮ್ಮ ತಂಡ ಈ ಹಾರ್ನೆಸ್ (ಬಿದ್ದರೆ ತಡೆದು ಹಿಡಿಯುವಂತೆ ಮೈಗೆಲ್ಲ ಕಟ್ಟಿಕೊಳ್ಳುವ ಪಟ್ಟಿಗಳ ಕವಚ) ಬಂದ ಮೇಲೆ ಬರೀ ಸೊಂಟಪಟ್ಟಿಯನ್ನು ಪೂರ್ತಿಯಾಗಿ ಕೈಬಿಟ್ಟಿದೆ; ಬಿದ್ದಾಗಿನ ಎಳೆತವನ್ನು ಪಟ್ಟಿಯು ಹೊಟ್ಟೆ, ಬೆನ್ನುಮೂಳೆಗಳ ಮೇಲೆ ಹೇರಿದರೆ, ಇದು ತೊಡೆ, ಸೊಂಟ, ಎದೆ, ಭುಜಗಳಿಗೆ ಹಂಚುತ್ತದೆ. ಎರಡು ಕೊಕ್ಕೆಗಳಿರುವುದರಿಂದ ಜಾಗ ಬದಲಿಸುವಾಗಲೂ ಒಂದು ಸಿಕ್ಕಿಕೊಂಡೇ ಇರುತ್ತದೆ. ಹೊಲಿಗೆ ಗಟ್ಟಿಯಾಗಿದೆ. ನನ್ನ ಆಕ್ಷೇಪವೆಲ್ಲ ಕೈಪಿಡಿಯ ಬಗ್ಗೆ: 2 ಮೀಟರ್ ಹಗ್ಗವನ್ನು ಕಾಲಮಟ್ಟದಲ್ಲಿ ಸಿಕ್ಕಿಸಿದರೆ, ಆಘಾತಶಾಮಕ (ಬಿದ್ದಾಗಿನ ಎಳೆತ ತಗ್ಗಿಸಲು ಹಗ್ಗದಲ್ಲಿರುವ ಭಾಗ) ಬಿಚ್ಚಿಕೊಳ್ಳುವ ಉದ್ದವೂ ದೇಹದ ಎತ್ತರವೂ ಸೇರಿ ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕೆಂಬುದನ್ನು, ಅಂದರೆ ಮೊದಲ ಮಹಡಿಯಲ್ಲಿ ಹಾಗೆ ಸಿಕ್ಕಿಸಿದವರು ನೆಲಕ್ಕೇ ಬಡಿಯುತ್ತಾರೆಂಬುದನ್ನು, ಅದು ಕೊನೆಯ ಪುಟದ ಸಣ್ಣಕ್ಷರದಲ್ಲಿ ಅಡಗಿಸಿದೆ. ಬಿದ್ದು ಹಾರ್ನೆಸ್‌ನಲ್ಲೇ ತೂಗಾಡುತ್ತ ಉಳಿದವರ ಕಾಲುಗಳಲ್ಲಿ ರಕ್ತ ನಿಂತು ಪ್ರಾಣವೇ ಹೋಗಬಹುದಾದ್ದರಿಂದ ಅವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕೆಂಬ ಮಾತಂತೂ ಅಲ್ಲಿ ಇಲ್ಲವೇ ಇಲ್ಲ.