ಪುಣೆಯಲ್ಲಿ ಕ್ರೇನ್ ಕಲಿಯೋಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಭೋಸರಿ, ಚಾಕಣ ಕಡೆ ಇರುವ ನಮ್ಮ ವಿಜಯಪುರ, ಕಲಬುರಗಿ ಹುಡುಗರೇ, ದಯವಿಟ್ಟು ಪೂರ್ತಿ ಓದಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕ್ರೇನ್ ಆಪರೇಟರ್ ಟ್ರೇನಿಂಗ್ ಅಂತ 38,000 ರೂಪಾಯಿ ಕಟ್ಟಿದೆ. ಅವ್ವ ಎಮ್ಮೆ ಮಾರಿ ಕಳಿಸಿದ ದುಡ್ಡು. ಫೋನಿನಲ್ಲಿ ಮಾತಾಡಿದವನು ಕನ್ನಡದವನು. "ತಮ್ಮಾ, ನೀ ನಮ್ಮ ಕಡೆಯವ, ನಿನಗ ಮೋಸ ಮಾಡ್ತೀನೇನು?" ಅಂದ. ಅಷ್ಟಕ್ಕೇ ನಂಬಿಬಿಟ್ಟೆ.

30 ದಿನದ ಕೋರ್ಸ್. ನಾನು ಸೀಟಿನಲ್ಲಿ ಕೂತಿದ್ದು ಎಲ್ಲ ಸೇರಿ ಒಂದೂವರೆ ಗಂಟೆ. ಒಂದೂವರೆ ಗಂಟೆ! 22 ಜನಕ್ಕೆ ಒಂದೇ ಹಳೇ ಹೈಡ್ರಾ (ಲೋಡು ಎತ್ತಿಕೊಂಡೇ ಓಡಾಡುವ ಗಾಲಿ ಕ್ರೇನ್). ಕೇಳಿದರೆ "ಸರ್ವೀಸಿಗೆ ಹೋಗೇತಿ". ಮರುದಿನ ಕೇಳಿದರೆ "ಡೀಸೆಲ್ ರೇಟು ಗೊತ್ತೈತೇನು ನಿನಗ?" ಕ್ಯಾಬಿನ್ನಿನಲ್ಲಿ, ಎಷ್ಟು ದೂರಕ್ಕೆ ಎಷ್ಟು ಭಾರ ಎತ್ತಬಹುದು ಅಂತ ತೋರಿಸುವ ಲೋಡ್ ಚಾರ್ಟಿನ ತಗಡಿಗೂ ಹಳದಿ ಬಣ್ಣ ಬಳಿದಿದ್ದರು. ಒಂದು ಅಂಕಿಯೂ ಕಾಣುತ್ತಿರಲಿಲ್ಲ. ಅದೇನು ಅಂತ ಆಗ ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ಚಾಕಣದ ಸೈಟಿನಲ್ಲಿ, ಕೆಲಸ ಕೇಳೋಕೆ ಹೋದಾಗ. ಸೂಪರ್‌ವೈಸರ್ ಚಾರ್ಟ್ ಮುಂದಿಟ್ಟು, "14 ಟನ್ ಹೈಡ್ರಾ, ಬೂಮ್ ಪೂರ್ತಿ ಬಿಟ್ಟರೆ ಎಷ್ಟು ಎತ್ತುತ್ತೆ?" ಅಂದರು. ಬೂಮ್ ಅಂದರೆ ಕ್ರೇನಿನ ಉದ್ದ ತೋಳು. "14 ಟನ್" ಅಂದೆ. ಅಲ್ಲಿ ಲೋಡಿಗೆ ಹಗ್ಗ, ಸರಪಳಿ ಕಟ್ಟುವ ರಿಗ್ಗರ್‌ಗಳೆಲ್ಲ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಲೋಡು ದೂರ ಹೋದಷ್ಟೂ ಎತ್ತುವ ತಾಕತ್ತು ಇಳಿಯುತ್ತೆ. 14 ಟನ್ ಅನ್ನೋದು ತೀರಾ ಹತ್ತಿರ ಇದ್ದಾಗ ಮಾತ್ರ. ಇಷ್ಟೂ ಹೇಳಿಕೊಟ್ಟಿಲ್ಲ ಅವರು! ನಾನು ಹಾಗೇ ಎತ್ತಿದ್ದರೆ ಕ್ರೇನೇ ಮಗುಚುತ್ತಿತ್ತು. ಕೆಳಗೆ ನಿಂತಿರೋರೂ ನಮ್ಮಂಥವರ ಮಕ್ಕಳೇ ಅಲ್ವಾ?

ಸರ್ಟಿಫಿಕೇಟಿನ ಕ್ಯೂಆರ್ ಸ್ಕ್ಯಾನ್ ಮಾಡಿದರು. ತೆರೆದಿದ್ದು ಆ ಟ್ರೇನಿಂಗ್ ಸೆಂಟರಿನದೇ ಜಾಹೀರಾತು. ಸೂಪರ್‌ವೈಸರ್ ಅದನ್ನು ಮಡಚಿ ನನ್ನ ಕೈಗಿಟ್ಟು, "ಬೇಕಾದರೆ ಹೆಲ್ಪರ್ ಆಗಿ ಬಾ" ಅಂದರು.

ಸೆಂಟರಿನವರ ಹತ್ತಿರ ದುಡ್ಡು ವಾಪಸ್ ಕೇಳಿದೆ. "ಸರ್ಟಿಫಿಕೇಟ್ ಕೊಟ್ಟೀವಲ್ಲ, ಮತ್ತೇನು ಬೇಕು?" ಅಂದರು. ಜೋರು ಮಾಡಿದರೆ, "ರಸೀದಿಯೊಳಗ ಟ್ರೇನಿಂಗ್ ಅಂತ ಎಲ್ಲೈತಿ ತೋರಿಸು". ತೆಗೆದು ನೋಡಿದೆ. 'ದೇಣಿಗೆ' ಅಂತ ಮರಾಠಿಯಲ್ಲಿ ಬರೆದಿತ್ತು. ತಮ್ಮಾ ಅಂದವನು ಈಗ ಫೋನ್ ಎತ್ತಿದರೆ ಹಿಂದಿಯಲ್ಲಿ "ಕೌನ್ ಬೋಲ್ ರಹಾ ಹೈ?" ಅಂತಾನೆ.

ಕಟ್ಟುವ ಮುಂಚೆ ಆ ಸೆಂಟರ್ ಸರ್ಕಾರದ ಸ್ಕಿಲ್ ಇಂಡಿಯಾ ಪೋರ್ಟಲ್ಲಿನಲ್ಲಿ ಇದೆಯಾ ನೋಡಿ. ಸೀಟಿನ ಮೇಲೆ ಎಷ್ಟು ಗಂಟೆ ಅಂತ ಬರೆಸಿಕೊಳ್ಳಿ. ಕ್ಯಾಬಿನ್ ಹತ್ತಿ ಲೋಡ್ ಚಾರ್ಟ್ ನೋಡಿ. ಕನ್ನಡ ಮಾತಾಡಿದ ಅಂತ ಮಾತ್ರ ನಂಬಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನನ್ನ ಬ್ಯಾಚಿನವರು ಯಾರಾದರೂ ಇದ್ದರೆ ನಿಮ್ಮ ರಸೀದಿ ತೆಗೆದು ನೋಡಿ, ನನಗೆ ತಿಳಿಸಿ. ಅವ್ವನಿಗೆ ಇನ್ನೂ ಹೇಳಿಲ್ಲ.