ಲೀಸ್ 80 ವರ್ಷಕ್ಕಿಂತ ಕೆಳಗಿಳಿಯೋ ಮುಂಚೆ ನೋಟಿಸ್ ಕೊಡಿ: ನಾನು ಕೈ ಸುಟ್ಟುಕೊಂಡ ಕಥೆ

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ತಗೊಂಡಿರೋ, ತಗೋಬೇಕು ಅಂತಿರೋ ಕನ್ನಡದವರಿಗೆ ಇದು. ನಿಮ್ಮ ಲೀಸ್ ಪತ್ರದಲ್ಲಿ ಒಂದೇ ಒಂದು ಸಾಲು ನೋಡಿಕೊಳ್ಳಿ. ನಾನು ಅದನ್ನ ಸರಿಯಾಗಿ ಓದದೇ ಸುಮಾರು ಆರು ಸಾವಿರ ಪೌಂಡ್ ಕಳಕೊಂಡೆ.

2020ರ ಅಕ್ಟೋಬರ್‌ನಲ್ಲಿ ಸ್ಲೌನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡೆವು. ಹಾಲುಕ್ಕಿಸಿ ಊರಿಗೆ ವಿಡಿಯೋ ಕಾಲ್ ಮಾಡಿ, ಇದು ಲೀಸ್‌ಹೋಲ್ಡ್ ಅಂದೆ. ಅಮ್ಮನಿಗೆ ಗಾಬರಿ. "ಸ್ವಂತದ್ದು ಅಂದ್ಯಲ್ಲೋ, ಭೋಗ್ಯಕ್ಕೆ ಹಾಕ್ಕೊಂಡ್ಯಾ?" ಪಕ್ಕದಲ್ಲಿದ್ದ ಅಪ್ಪ, "ಬಿಡಿಎ ಸೈಟಿನ ಲೀಸ್-ಕಮ್-ಸೇಲ್ ಥರ ಇರ್ಬೇಕು ಬಿಡೇ, ಹತ್ತು ವರ್ಷ ಆದ್ಮೇಲೆ ಇವನ ಹೆಸರಿಗೆ ಆಗುತ್ತೆ" ಅಂದ್ರು. ಎರಡೂ ಅಲ್ಲ. ಇಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳೋದು ಇಷ್ಟು ವರ್ಷ ಅನ್ನೋ ಹಕ್ಕು ಮಾತ್ರ. ನೆಲ, ಕಟ್ಟಡ ಫ್ರೀಹೋಲ್ಡರ್‌ದು. ವರ್ಷ ಸವೆದ ಹಾಗೆ ಫ್ಲ್ಯಾಟಿನ ಬೆಲೆಯೂ ಸವೆಯುತ್ತೆ, ಸಾಲ ಕೊಡೋ ಬ್ಯಾಂಕುಗಳು ಮೂಗು ಮುರೀತವೆ.

ಇದಕ್ಕೆ ಪರಿಹಾರ 1993ರ ಕಾಯ್ದೆಯಲ್ಲಿದೆ. ಲೀಸ್ ವಿಸ್ತರಿಸಿಕೊಡಿ ಅಂತ ಫ್ರೀಹೋಲ್ಡರ್‌ಗೆ ಸೆಕ್ಷನ್ 42 ನೋಟಿಸ್ ಕೊಟ್ಟರೆ ಉಳಿದ ಅವಧಿಗೆ 90 ವರ್ಷ ಸೇರುತ್ತೆ, ಗ್ರೌಂಡ್ ರೆಂಟ್ (ವರ್ಷ ವರ್ಷ ಅವರಿಗೆ ಕಟ್ಟೋ ನೆಲಬಾಡಿಗೆ) ಸೊನ್ನೆಯಾಗುತ್ತೆ. ಅದಕ್ಕೆ ಫ್ರೀಹೋಲ್ಡರ್‌ಗೆ ಪ್ರೀಮಿಯಂ ಕಟ್ಟಬೇಕು. ಲೀಸ್ 80 ವರ್ಷಕ್ಕಿಂತ ಕೆಳಗಿಳಿದಿದ್ದರೆ ಅದರ ಮೇಲೆ ‘ಮ್ಯಾರೇಜ್ ವ್ಯಾಲ್ಯೂ’ ಅಂತ ಇನ್ನೊಂದು. ವಿಸ್ತರಣೆಯಿಂದ ಏರೋ ಬೆಲೆಯಲ್ಲಿ ಅರ್ಧ ಅವರಿಗೆ. ವರದಕ್ಷಿಣೆ ಅಂದಿದ್ದರೆ ನಮ್ಮವರಿಗೆ ಬೇಗ ಅರ್ಥ ಆಗ್ತಿತ್ತು.

ನನ್ನ ಲೀಸ್ ಪತ್ರದ ಮೇಲಿದ್ದ ತಾರೀಖು 2006ರದ್ದು. 99 ವರ್ಷದ ಲೀಸ್, ಹಾಗಾದರೆ 2105ರ ತನಕ, 80 ಮುಟ್ಟೋದು 2025ರಲ್ಲಿ ಅಂತ ಲೆಕ್ಕ ಹಾಕಿ ನೆಮ್ಮದಿಯಾಗಿದ್ದೆ. ಎಸ್ಟೇಟ್ ಏಜೆಂಟ್ ಕೂಡ 84 ವರ್ಷ ಇದೆ ಅಂದಿದ್ದ. ಆದರೆ ಒಳಗಿನ ಪುಟದಲ್ಲಿ ಅವಧಿ ಶುರುವಾಗೋದು "2004ರ ಜೂನ್ 24ರಿಂದ" ಅಂತ ಇತ್ತು. ಪತ್ರಕ್ಕೆ ಸಹಿ ಬಿದ್ದ ದಿನವೇ ಬೇರೆ, ಗಡಿಯಾರ ಓಡೋಕೆ ಶುರುವಾದ ದಿನವೇ ಬೇರೆ. ಫ್ಲ್ಯಾಟ್ ಕೊಳ್ಳುವಾಗ ಸಾಲಿಸಿಟರ್ (ನಮ್ಮ ವಕೀಲರು) ಕಳಿಸಿದ ವರದಿಯಲ್ಲೂ ಇದು ಇತ್ತು. ಅರವತ್ತು ಪುಟ, ಯಾರು ಓದ್ತಾರೆ!

ಆಗ ಎರಡು ವರ್ಷ ಮಾಲೀಕರಾಗಿರದೆ ನೋಟಿಸ್ ಕೊಡೋ ಹಾಗಿರಲಿಲ್ಲ. 2022ರ ನವೆಂಬರ್‌ನಲ್ಲಿ ಅರ್ಹತೆ ಬಂತು. ಅಷ್ಟರಲ್ಲೇ ಫ್ರೀಹೋಲ್ಡರ್ ಕಡೆಯವರಿಂದ ಒಂದು ನಯವಾದ ಪತ್ರ: ನೋಟಿಸ್ ಗೀಟಿಸ್ ಬೇಡ, ನಾವೇ ಮಾತಾಡಿಕೊಳ್ಳೋಣ, 7,500 ಪೌಂಡ್ ಕೊಡಿ, 125 ವರ್ಷ ಮಾಡಿಕೊಡ್ತೀವಿ. ವಕೀಲರ ಖರ್ಚು ಉಳೀತು ಅಂತ ಒಪ್ಪಿದೆ. ಹಳೇ ಅವಧಿ ಮುಗಿಯೋ ತನಕ ವರ್ಷಕ್ಕೆ 200 ಪೌಂಡ್ ಗ್ರೌಂಡ್ ರೆಂಟ್ ಹಾಗೇ ಇರುತ್ತೆ ಅನ್ನೋದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿತ್ತು. ಜನವರಿಯಲ್ಲಿ ಕೇಳಿದರೆ ವ್ಯಾಲ್ಯುಯರ್ (ಬೆಲೆ ಕಟ್ಟೋರು) ರಜೆ. ಮಾರ್ಚ್‌ನಲ್ಲಿ ಡೈರೆಕ್ಟರ್ ಸಹಿ ಬಾಕಿ. ಮೇನಲ್ಲಿ "ಇನ್ನೆರಡು ವಾರ". ಪ್ರತಿ ಇಮೇಲ್ ಕೊನೆಗೂ "ನಿಮ್ಮ ತಾಳ್ಮೆಗೆ ಧನ್ಯವಾದ". ಜೂನ್ 24 ಕಳೀತು. ಜುಲೈ ಮೊದಲ ವಾರದಲ್ಲಿ ಇಮೇಲ್ ಬಂತು: ಹಳೇ ಆಫರ್ ರದ್ದಾಗಿದೆ, ಹೊಸ ಮೊತ್ತ 19,000.

ಆ ರಾತ್ರಿ ಲೀಸ್ ಪತ್ರ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಆ ಸಾಲು ಕಣ್ಣಿಗೆ ಬಿತ್ತು. ಬೆರಳಲ್ಲಿ ಎರಡು ಸಲ ಎಣಿಸಿದೆ. 80 ಮುಟ್ಟಿದ್ದು 2025ರಲ್ಲಲ್ಲ, ಆಗಷ್ಟೇ ಕಳೆದ 2023ರ ಜೂನ್ 24ಕ್ಕೆ.

ಆಮೇಲೆ ವ್ಯಾಲ್ಯುಯರ್ ಹಿಡಿದು, ಆಗಸ್ಟ್‌ನಲ್ಲಿ ಸೆಕ್ಷನ್ 42 ನೋಟಿಸ್ ಕೊಟ್ಟು, ಎಳೆದಾಡಿ 14,300ಕ್ಕೆ ಇತ್ಯರ್ಥ ಆಯ್ತು. ನವೆಂಬರ್‌ನಲ್ಲೇ ಕೊಟ್ಟಿದ್ದರೆ 8,500ರ ಆಸುಪಾಸಿನಲ್ಲಿ ಮುಗೀತಿತ್ತು ಅಂದ್ರು ಅದೇ ವ್ಯಾಲ್ಯುಯರ್. ಲೆಕ್ಕ ಹಿಡಿಯೋದು ನೋಟಿಸ್ ಕೊಟ್ಟ ದಿನಕ್ಕೆ. ಆಮೇಲೆ ವರ್ಷಗಟ್ಟಲೆ ಚೌಕಾಸಿ ನಡೆದರೂ ಆ ದಿನ ಕದಲಲ್ಲ. ನಾನು ಎಂಟು ತಿಂಗಳು ಬರೆದ ಇಮೇಲ್‌ಗಳಿಗೆ ಆ ಬೆಲೆ ಇಲ್ಲ. ಫ್ರೀಹೋಲ್ಡರ್ ಕಡೆ ವಕೀಲರ, ವ್ಯಾಲ್ಯುಯರ್‌ರ ನ್ಯಾಯವಾದ ಫೀಸೂ ನಮ್ಮ ತಲೆ ಮೇಲೇ. ಎರಡೂ ಕಡೆಯದು ಸೇರಿ ನಾಲ್ಕು ಸಾವಿರದ ಹತ್ತಿರ ಹೋಯ್ತು.

ನೋಟಿಸನ್ನ ಇದರಲ್ಲಿ ಪಳಗಿದ ಸಾಲಿಸಿಟರ್ ಕೈಯಲ್ಲೇ ಬರೆಸಿ. ಫ್ರೀಹೋಲ್ಡರ್ ಕಡೆಯಿಂದ ಕೌಂಟರ್ ನೋಟಿಸ್ (ನಮ್ಮ ನೋಟಿಸ್‌ಗೆ ಉತ್ತರ) ಬಂದ ಮೇಲೆ ಒಪ್ಪಂದ ಆಗದಿದ್ದರೆ ಆರು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲೇಬೇಕು. ತಪ್ಪಿದರೆ ನೋಟಿಸ್ ಬಿದ್ದುಹೋಗುತ್ತೆ, ಮತ್ತೆ ಕೊಡೋಕೆ 12 ತಿಂಗಳು ಕಾಯಬೇಕು. "ಮಾತುಕತೆ ಚೆನ್ನಾಗೇ ನಡೀತಿದೆಯಲ್ಲ" ಅಂತ ಇಲ್ಲೂ ಮೈಮರೆಯೋರಿದ್ದಾರೆ.

ಎರಡು ವರ್ಷ ಕಾಯೋ ನಿಯಮ 2025ರ ಜನವರಿ 31ಕ್ಕೆ ಹೋಯ್ತು, ಈಗ ಕೊಳ್ಳೋರು ಪುಣ್ಯವಂತರು. 2024ರ ಕಾಯ್ದೆಯಲ್ಲಿ ಮ್ಯಾರೇಜ್ ವ್ಯಾಲ್ಯೂ ತೆಗೆದು 990 ವರ್ಷ ಕೊಡ್ತಾರಂತಲ್ಲ, ಕಾಯೋಣ ಅಂತ ಗೆಳೆಯರು ಕೇಳ್ತಾರೆ. ಕಾಯ್ದೆ ಪಾಸಾಗೋದು ಬೇರೆ, ಆ ಕಲಂ ಜಾರಿಗೆ ಬರೋದು ಬೇರೆ. ಬಂದಿದೆಯೋ ಇಲ್ಲವೋ ಸಾಲಿಸಿಟರ್‌ನ ಕೇಳಿ. ಬಂದಿಲ್ಲದಿದ್ದರೆ, 90 ವರ್ಷ ಉಳಿದವರು ಆರಾಮಾಗಿ ಕಾಯಬಹುದು. 80ಕ್ಕೆ ಹತ್ತು ತಿಂಗಳು ಬಾಕಿ ಇರೋರ ಜಾಗದಲ್ಲಿ ನಾನಿದ್ದರೆ ಈ ವಾರವೇ ವ್ಯಾಲ್ಯುಯರ್‌ಗೆ ಫೋನ್ ಮಾಡ್ತಿದ್ದೆ.