‘ರಿಟರ್ನ್ ಫೈಲ್ ಆಗಿದೆ ಮೇಡಂ’ ಎಂಬ ಮಾತನ್ನು ನಂಬಬೇಡಿ: ಹೊರದೇಶದಲ್ಲಿರುವವರಿಗೆ ಎಚ್ಚರಿಕೆ

ಹೊರದೇಶದಲ್ಲಿ ಕುಳಿತು, ಭಾರತದ ಆದಾಯ ತೆರಿಗೆ ರಿಟರ್ನನ್ನು ಬೆಂಗಳೂರಿನ ಯಾರೋ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಇರುವವರು ಇದನ್ನು ಓದಿ. ಓದುವುದಕ್ಕೂ ಮೊದಲು ಆತ ಕಳುಹಿಸಿದ ಪಿಡಿಎಫ್ ತೆರೆದು, ಅದರ ಮೇಲ್ತುದಿಯಲ್ಲಿ ಏನು ಅಚ್ಚಾಗಿದೆ ಎಂದು ನೋಡಿ. ನನಗೆ ಅದು ಕಾಣಿಸುವಷ್ಟರಲ್ಲಿ ಜುಲೈ 31ರ ಗಡುವೂ ಹೋಗಿತ್ತು, ದಂಡ ಕಟ್ಟಿ ಸಲ್ಲಿಸುವ ಡಿಸೆಂಬರ್ 31ರ ಗಡುವೂ ಹೋಗಿತ್ತು. ಎರಡು ಲಕ್ಷ ರೂಪಾಯಿಗೂ ಮೀರಿದ ನನ್ನ ರೀಫಂಡ್ ಈಗ ಒಂದು ಅರ್ಜಿಯ ಮೇಲೆ ನಿಂತಿದೆ.

ನಾನಿರುವುದು ಜರ್ಮನಿಯಲ್ಲಿ. ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ, ಎನ್‌ಆರ್‌ಒ ಖಾತೆಯಲ್ಲಿ (ಅನಿವಾಸಿಗಳ ಭಾರತದ ಆದಾಯ ಜಮೆಯಾಗುವ ಬ್ಯಾಂಕ್ ಖಾತೆ) ನಿಶ್ಚಿತ ಠೇವಣಿ ಇದೆ. ಅನಿವಾಸಿಗಳ ಪಾಡು ನಿಮಗೆ ಗೊತ್ತೇ ಇದೆ: ಬಾಡಿಗೆಯ ಮೇಲೂ ಎನ್‌ಆರ್‌ಒ ಬಡ್ಡಿಯ ಮೇಲೂ ಮೊದಲ ರೂಪಾಯಿಯಿಂದಲೇ ಶೇ 31.2ರಷ್ಟು ಟಿಡಿಎಸ್, ಅಂದರೆ ಹಣ ಕೈಸೇರುವ ಮೊದಲೇ ಹಿಡಿಯುವ ತೆರಿಗೆ, ಕಡಿತವಾಗುತ್ತದೆ. ನನ್ನ ಬಾಡಿಗೆದಾರರು ನಿಯತ್ತಿನ ಮನುಷ್ಯ. ತೆರಿಗೆ ಕಡಿತ ಮಾಡುವವರಿಗೆ ಬೇಕಾದ ಟ್ಯಾನ್ ಸಂಖ್ಯೆ ಪಡೆದು, ಸೆಕ್ಷನ್ 195ರ ಪ್ರಕಾರ ಕಡಿತ ಮಾಡಿ, ಸರಿಯಾಗಿ ಇಲಾಖೆಗೆ ಕಟ್ಟಿದ್ದಾರೆ. ಬಾಡಿಗೆಯಲ್ಲಿ ಶೇ 30 ಕಳೆದು, ಮೂಲ ವಿನಾಯಿತಿ ಬಿಟ್ಟು ಲೆಕ್ಕ ಹಾಕಿದರೆ ನಾನು ಕಟ್ಟಬೇಕಾದದ್ದು ಇಪ್ಪತ್ತು ಸಾವಿರದ ಆಸುಪಾಸು. ಕಡಿತವಾಗಿ ಹೋದದ್ದು ಎರಡು ಲಕ್ಷ ನಲವತ್ತು ಸಾವಿರ ದಾಟಿತ್ತು. ಉಳಿದದ್ದು ವಾಪಸ್ ಬರಬೇಕಾದರೆ ರಿಟರ್ನ್ ಒಂದೇ ದಾರಿ. ಇದರ ಮೇಲೆ ಆ ವರ್ಷ ಷೇರು ಮಾರಿ ಸ್ವಲ್ಪ ನಷ್ಟವೂ ಆಗಿತ್ತು. ಆ ನಷ್ಟವನ್ನು ಮುಂದಿನ ಎಂಟು ವರ್ಷಗಳಿಗೆ ಒಯ್ಯಬೇಕಾದರೂ ರಿಟರ್ನ್ ಗಡುವಿನೊಳಗೆ ಹೋಗಲೇಬೇಕು, ತಡವಾದರೆ ಆ ಹಕ್ಕು ಹೋಯಿತು.

ಮೊದಲೆಲ್ಲ ಅಪ್ಪನ ಪರಿಚಯದ ಆಡಿಟರ್ ಒಬ್ಬರು ಮಾಡಿಕೊಡುತ್ತಿದ್ದರು. ಅವರಿಗೆ ವಯಸ್ಸಾಗಿ ಕಚೇರಿ ಮುಚ್ಚಿದರು. ನಮ್ಮ ಊರಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಮಹಾಶಯನ ಜಾಹೀರಾತು ಆಗಾಗ ಬರುತ್ತಿತ್ತು: ಅನಿವಾಸಿಗಳ ತೆರಿಗೆ ತಜ್ಞ, ಎಲ್ಲವೂ ಆನ್‌ಲೈನ್, ಎಲ್ಲವೂ ಕನ್ನಡದಲ್ಲಿ. ದೊಡ್ಡಮ್ಮನ ಮಗ ಹಾಸನದಲ್ಲಿ ಆಡಿಟರ್ ಕಚೇರಿಯಲ್ಲೇ ಕೆಲಸ ಮಾಡುತ್ತಾನೆ, ಅವನಿಗೆ ಕೊಡಬಹುದಿತ್ತು. ಆದರೆ ನೆಂಟರ ಕೈಗೆ ಲೆಕ್ಕ ಕೊಟ್ಟರೆ ನಮ್ಮ ಠೇವಣಿಯ ಮೊತ್ತ ಮುಂದಿನ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಬಡಿಸಲ್ಪಡುತ್ತದೆ. ಈ ಅಳುಕು ಇಲ್ಲದ ಮನೆ ನನಗೆ ತೋರಿಸಿ.

ಮುಂಗಡವಾಗಿ ಪೂರ್ತಿ ಶುಲ್ಕ ತೆಗೆದುಕೊಂಡ. 2024ರ ಮೇ ತಿಂಗಳಲ್ಲೇ ಎಲ್ಲ ದಾಖಲೆ ಕಳುಹಿಸಿದ್ದೆ: ಕಡಿತವಾದ ತೆರಿಗೆ ಮತ್ತು ಆದಾಯದ ಬಗ್ಗೆ ಇಲಾಖೆಯ ಬಳಿ ಇರುವ ವಿವರಗಳ ಪಟ್ಟಿಗಳಾದ ಫಾರ್ಮ್ 26ಎಎಸ್ ಮತ್ತು ಎಐಎಸ್, ಬ್ಯಾಂಕಿನ ಬಡ್ಡಿ ಪತ್ರ, ಷೇರಿನ ಲೆಕ್ಕ, ಬಾಡಿಗೆ ಕರಾರು, ಪಾಸ್‌ಪೋರ್ಟಿನ ಮೊಹರು ಬಿದ್ದ ಪುಟಗಳು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನ ಪಾಸ್‌ವರ್ಡನ್ನೂ ಕೇಳಿದ, ಕೊಟ್ಟೆ. ಎಲ್ಲರೂ ಕೊಡುತ್ತಾರೆ, ಕೊಡದಿದ್ದರೆ ಕೆಲಸ ಆಗುವುದಿಲ್ಲ ಎನ್ನುತ್ತಾರೆ.

ಜೂನ್‌ನಲ್ಲಿ ಕೇಳಿದರೆ ‘ಟಿಡಿಎಸ್ ವಿವರ ಇನ್ನೂ ಪೂರ್ತಿ ಬಂದಿಲ್ಲ ಮೇಡಂ’. ಜುಲೈ ನಡುವಿನಲ್ಲಿ ಕೇಳಿದರೆ ‘ಪೋರ್ಟಲ್ ನಿಧಾನ ಮೇಡಂ’. ಕೊನೆಯ ವಾರ ಕೇಳಿದರೆ ‘ಪ್ರತಿ ವರ್ಷ ಗಡುವು ವಿಸ್ತರಣೆ ಆಗಿಯೇ ಆಗುತ್ತದೆ ಮೇಡಂ, ನೀವು ಅಲ್ಲಿ ನೆಮ್ಮದಿಯಿಂದ ಇರಿ, ಇಲ್ಲಿಯದನ್ನು ನನಗೆ ಬಿಡಿ’. ಪ್ರತಿ ವರ್ಷ ಎಲ್ಲಿ ಆಗುತ್ತದೆ? 2022ರಲ್ಲಿ ಆಗಲಿಲ್ಲ, 2023ರಲ್ಲಿ ಆಗಲಿಲ್ಲ, 2024ರಲ್ಲೂ ಜುಲೈ 31 ಕದಲಲಿಲ್ಲ. ಇದನ್ನು ಹೇಳಿದ್ದಕ್ಕೆ ಆತನ ಉತ್ತರ: ‘ಸರ್ ಹತ್ತಿರದಲ್ಲಿ ಇದ್ದರೆ ಫೋನ್ ಕೊಡಿ, ಅವರಿಗೆ ವಿವರಿಸುತ್ತೇನೆ.’ ರಿಟರ್ನ್ ನನ್ನದು, ಪ್ಯಾನ್ ನನ್ನದು, ಫ್ಲ್ಯಾಟ್ ನನ್ನದು, ಶುಲ್ಕ ಕೊಟ್ಟವಳೂ ನಾನೇ. ವಿವರಣೆ ಮಾತ್ರ ‘ಸರ್’ಗೆ!

ಜುಲೈ 31. ಭಾರತದಲ್ಲಿ ನಡುರಾತ್ರಿಯಾದಾಗ ಇಲ್ಲಿ ರಾತ್ರಿ ಎಂಟೂವರೆ. ಕಚೇರಿಯಿಂದ ಬಂದವಳು ಫೋನ್ ಕೆಳಗಿಡದೆ ಕಾದೆ. ಗಡುವು ಮುಗಿಯುವುದಕ್ಕೆ ಸ್ವಲ್ಪ ಮೊದಲು ಪಿಡಿಎಫ್ ಬಂತು. ಅದರ ಜೊತೆಗೆ ‘ರಿಟರ್ನ್ ಫೈಲ್ ಆಗಿದೆ ಮೇಡಂ, ರೀಫಂಡ್ ನಿಮ್ಮ ಖಾತೆಗೆ ಬರುತ್ತದೆ’ ಎಂಬ ಸಂದೇಶ, ಕೈ ಮುಗಿಯುವ ಚಿತ್ರ. ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ ಇತ್ತು, ನನ್ನ ಹೆಸರಿತ್ತು, ಪ್ಯಾನ್ ಇತ್ತು, ನಮೂನೆ ಐಟಿಆರ್-2 ಎಂದಿತ್ತು, ರೀಫಂಡ್ ಮೊತ್ತವೂ ಸರಿಯಾಗಿತ್ತು. ಇನ್ನೇನು ಬೇಕು? ಧನ್ಯವಾದ ಬರೆದೆ. ಅಷ್ಟೇ ಅಲ್ಲ, ಗುಂಪಿನಲ್ಲಿ ಇನ್ನಿಬ್ಬರು ವಿಚಾರಿಸಿದಾಗ ‘ಕೊನೆಯ ಗಳಿಗೆಗೆ ಎಳೆಯುತ್ತಾರೆ, ಆದರೆ ಕೆಲಸ ಮಾಡಿಕೊಡುತ್ತಾರೆ’ ಎಂದು ನನ್ನ ಕೈಯಾರೆ ಶಿಫಾರಸನ್ನೂ ಮಾಡಿದೆ. ಈಗ ಅವರಿಬ್ಬರಿಗೆ ಹೇಗೆ ಮುಖ ತೋರಿಸಲಿ?

ಅಕ್ಟೋಬರ್ ಬಂತು, ರೀಫಂಡ್ ಬರಲಿಲ್ಲ. ‘ಸಿಪಿಸಿಯಲ್ಲಿ ಬಾಕಿ ಇದೆ ಮೇಡಂ, ಅನಿವಾಸಿಗಳದ್ದು ತಡವಾಗುತ್ತದೆ.’ ಸಿಪಿಸಿ ಎಂದರೆ ರಿಟರ್ನ್ ಪರಿಶೀಲಿಸುವ ಇಲಾಖೆಯ ಬೆಂಗಳೂರಿನ ಕೇಂದ್ರ. ನವೆಂಬರ್‌ನಲ್ಲಿ ಅದೇ ಮಾತು. ಡಿಸೆಂಬರ್‌ನಲ್ಲಿ ‘ಕೇಂದ್ರ ಸರ್ಕಾರದ ಕೆಲಸ, ನಮ್ಮ ಕೈಯಲ್ಲಿ ಏನಿದೆ’ ಎಂಬ ವೇದಾಂತ. ಹೀಗೆ ಮೂಗಿಗೆ ತುಪ್ಪ ಸವರುತ್ತಲೇ ವರ್ಷ ಮುಗಿಸಿದ.

2025ರ ಜನವರಿ ಮೊದಲ ವಾರ, ಬೇರೆ ದಾರಿ ಕಾಣದೆ, ಹಾಸನದ ತಮ್ಮನಿಗೇ ಆ ಪಿಡಿಎಫ್ ಕಳುಹಿಸಿದೆ. ಅವನು ತಕ್ಷಣ ಫೋನ್ ಮಾಡಿದ. ‘ಅಕ್ಕಾ, ಇದು ಐಟಿಆರ್-ವಿ. ಮೇಲೆ ಬರೆದದ್ದನ್ನು ಓದು.’ ಓದಿದೆ. ರಿಟರ್ನಿನ ಮಾಹಿತಿ ಸಲ್ಲಿಸಲಾಗಿದೆ, ಆದರೆ ಎಲೆಕ್ಟ್ರಾನಿಕ್ ಆಗಿ ದೃಢೀಕರಿಸಿಲ್ಲ ಎಂದು ಇಂಗ್ಲಿಷಿನಲ್ಲಿ, ಅದರಲ್ಲೂ ‘ಇಲ್ಲ’ ಎಂಬುದನ್ನು ದಪ್ಪ ದೊಡ್ಡಕ್ಷರದಲ್ಲಿ, ಅಚ್ಚು ಹಾಕಿದ್ದರು. ಐದು ತಿಂಗಳು ನನ್ನ ಫೋನಿನಲ್ಲೇ ಇದ್ದ ಪುಟ! ಮೈಯೆಲ್ಲ ಬಿಸಿಯಾಯಿತು. ತಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ‘ಅಪ್‌ಲೋಡ್ ಆದ 30 ದಿನದೊಳಗೆ ವೆರಿಫೈ ಮಾಡಬೇಕು ಅಕ್ಕಾ. ಮಾಡದಿದ್ದರೆ ಅದು ರಿಟರ್ನೇ ಅಲ್ಲ. ತಡವಾಗಿ ಮಾಡಿದರೆ ಮಾಡಿದ ದಿನವೇ ಸಲ್ಲಿಸಿದ ದಿನ ಎಂದು ಲೆಕ್ಕ’ ಎಂದ. 2022ರ ಆಗಸ್ಟ್‌ಗೆ ಮೊದಲು 120 ದಿನ ಕೊಡುತ್ತಿದ್ದರಂತೆ. ಈಗ 30.

ಅಂದರೆ ನನ್ನ ರಿಟರ್ನ್ ಸಿಪಿಸಿಯಲ್ಲಿ ಬಾಕಿ ಇರಲೇ ಇಲ್ಲ. ಯಾರೂ ಅದನ್ನು ಕೈಗೆತ್ತಿಕೊಂಡಿರಲೂ ಇಲ್ಲ. ಮೂರು ತಿಂಗಳು ಆತ ಹೇಳಿದ್ದು ಶುದ್ಧ ಸುಳ್ಳು.

ಆತನಿಗೆ ಫೋನ್ ಮಾಡಿದೆ. ಮೊದಲ ಉತ್ತರ: ‘ಒಟಿಪಿ ನಿಮ್ಮ ಆಧಾರ್ ಮೊಬೈಲಿಗೆ ಹೋಗುತ್ತದೆ ಮೇಡಂ, ನಿಮ್ಮ ಭಾರತದ ಸಿಮ್ ನಿಂತುಹೋಗಿದೆ, ನಾನೇನು ಮಾಡಲಿ?’ ಆಧಾರ್ ಒಟಿಪಿ ಒಂದೇ ದಾರಿಯೇ? ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು, ಮೊದಲೇ ವ್ಯಾಲಿಡೇಟ್ ಮಾಡಿದ ಬ್ಯಾಂಕ್ ಖಾತೆಯ ಮೂಲಕ ಮಾಡಬಹುದು. ಏನೂ ಇಲ್ಲದಿದ್ದರೆ ಅದೇ ಐಟಿಆರ್-ವಿಗೆ ಶಾಯಿಯಲ್ಲಿ ಸಹಿ ಹಾಕಿ ಬೆಂಗಳೂರು 560500 ಎಂಬ ವಿಳಾಸದ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಬಹುದು. ಸಹಿ ಮಾಡಿ ಕಳುಹಿಸಿ ಎಂದು ಒಂದು ಸಾಲು ಬರೆದಿದ್ದರೆ ಮರುದಿನವೇ ಊರಿಗೆ ಹೊರಟಿದ್ದ ಗೆಳತಿಯ ಕೈಯಲ್ಲಿ ಕಾಗದ ಕೊಟ್ಟಿರುತ್ತಿದ್ದೆ. ಎರಡನೆಯ ಉತ್ತರ ಇನ್ನೂ ಸೊಗಸು: ‘ನಮ್ಮ ಪ್ಯಾಕೇಜಿನಲ್ಲಿ ಅಪ್‌ಲೋಡ್ ಮಾತ್ರ ಮೇಡಂ, ವೆರಿಫಿಕೇಶನ್ ಗ್ರಾಹಕರ ಜವಾಬ್ದಾರಿ.’ ಹಾಗಿದ್ದರೆ ‘ಫೈಲ್ ಆಗಿದೆ, ರೀಫಂಡ್ ಬರುತ್ತದೆ’ ಎಂದು ಬರೆದವರು ಯಾರು?

ಇಷ್ಟಕ್ಕೇ ನಿಂತಿದ್ದರೆ ಅಲಕ್ಷ್ಯ ಎನ್ನಬಹುದಿತ್ತು. ಮುಂದಿನದು ಅಲಕ್ಷ್ಯವಲ್ಲ. ಮಾರನೆಯ ದಿನ ಬಹಳ ಹುರುಪಿನಿಂದ ಒಂದು ಸುದ್ದಿಯ ತುಣುಕು ಕಳುಹಿಸಿದ: ತಡವಾದ ರಿಟರ್ನಿನ ಗಡುವು ಡಿಸೆಂಬರ್ 31ರಿಂದ 2025ರ ಜನವರಿ 15ಕ್ಕೆ ವಿಸ್ತರಣೆ. ‘ನಾನು ಹೇಳಿರಲಿಲ್ಲವೇ ಮೇಡಂ! ಹಳೆಯದನ್ನು ಡಿಸ್ಕಾರ್ಡ್ ಮಾಡಿ ಹೊಸದು ಹಾಕೋಣ, ಐದು ಸಾವಿರ ಲೇಟ್ ಫೀ ಅಷ್ಟೇ.’ ಒಂದು ಗಳಿಗೆ ಬದುಕಿದೆ ಎನ್ನಿಸಿತು. ಆದರೆ ಆ ಹೊತ್ತಿಗೆ ನನಗೆ ಓದುವ ರೋಗ ಹತ್ತಿತ್ತು. ಇಲಾಖೆಯ ಸುತ್ತೋಲೆಯನ್ನೇ ತೆರೆದೆ. ವಿಸ್ತರಣೆ ನಿವಾಸಿ ವ್ಯಕ್ತಿಗಳಿಗೆ ಮಾತ್ರ ಎಂದಿತ್ತು. ಅನಿವಾಸಿಗಳಿಗೆ ಡಿಸೆಂಬರ್ 31ಕ್ಕೇ ಬಾಗಿಲು ಮುಚ್ಚಿತ್ತು.

ಅನಿವಾಸಿಗಳ ತೆರಿಗೆ ತಜ್ಞನಿಗೆ ಇದನ್ನು ತೋರಿಸಿದೆ. ಆತ ಸ್ವಲ್ಪವೂ ಅಳುಕದೆ ಹೇಳಿದ ಮಾತು ಇದು: ‘ಹಾಗಾದರೆ ರೆಸಿಡೆಂಟ್ ಎಂದೇ ಹಾಕೋಣ ಮೇಡಂ. ಐಟಿಆರ್-1 ಸಾಕು. ನಿಮ್ಮ ಆದಾಯ ಏಳು ಲಕ್ಷದೊಳಗೆ ಇದೆ, ರಿಯಾಯಿತಿ ಸಿಗುತ್ತದೆ, ತೆರಿಗೆಯೇ ಇಲ್ಲ, ಪೂರ್ತಿ ಹಣ ವಾಪಸ್. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.’

ಒಳ್ಳೆಯದೇ ಆಯಿತಂತೆ! ಸೆಕ್ಷನ್ 87ಎ ರಿಯಾಯಿತಿ ನಿವಾಸಿಗಳಿಗೆ ಮಾತ್ರ ಸಿಗುತ್ತದೆ, ಅದನ್ನು ಕದಿಯೋಣ ಎನ್ನುತ್ತಿದ್ದಾನೆ. ನನ್ನ 26ಎಎಸ್‌ನಲ್ಲಿ ಸೆಕ್ಷನ್ 195ರ ಕಡಿತ ಸಾಲುಸಾಲಾಗಿ ಕುಳಿತಿದೆ, ಅದು ಅನಿವಾಸಿಗೆ ಮಾಡುವ ಕಡಿತ. ನಾನು ರೆಸಿಡೆಂಟ್ ಎಂದು ಸಹಿ ಮಾಡಿದರೆ ಜರ್ಮನಿಯ ಸಂಬಳ, ಇಲ್ಲಿಯ ಬ್ಯಾಂಕ್ ಖಾತೆ ಎಲ್ಲವನ್ನೂ ಭಾರತದಲ್ಲಿ ತೋರಿಸಬೇಕು. ನಿವಾಸಿಯಾದವರು ವಿದೇಶಿ ಆಸ್ತಿ ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ಹತ್ತು ಲಕ್ಷ ದಂಡ ಬೀಳಬಹುದು. ಸುಳ್ಳು ಘೋಷಣೆಗೆ ಸಿಕ್ಕಿಬೀಳುವವಳು ನಾನು, ಆತನಲ್ಲ. ಆತನ ಹೆಸರು ಆ ರಿಟರ್ನಿನಲ್ಲಿ ಎಲ್ಲೂ ಇರುವುದಿಲ್ಲ. ಡಿಸ್ಕಾರ್ಡ್ ಮಾಡಿದ್ದರೆ ಜುಲೈ 31ರಂದು ಅಪ್‌ಲೋಡ್ ಆಗಿತ್ತು ಎಂಬ ಏಕೈಕ ಆಧಾರವೂ ಹೋಗುತ್ತಿತ್ತು.

ಪಾಸ್‌ವರ್ಡ್ ಆತ ಬದಲಿಸಿದ್ದ. ನೆಟ್ ಬ್ಯಾಂಕಿಂಗ್ ಮೂಲಕ ಪೋರ್ಟಲಿಗೆ ಹೋದೆ. ಪ್ರೊಫೈಲ್ ತೆರೆದರೆ ಮೊಬೈಲ್ ಆತನದು, ಇಮೇಲ್ ಆತನದು. ನನಗೆ ಇಲಾಖೆಯಿಂದ ಒಂದೇ ಒಂದು ಸಂದೇಶ ಏಕೆ ಬಂದಿರಲಿಲ್ಲ ಎಂದು ಆಗ ತಿಳಿಯಿತು. ನನ್ನ ತೆರಿಗೆಯ ವಿಳಾಸದಲ್ಲಿ ನಾನೇ ಇರಲಿಲ್ಲ. ಎಷ್ಟು ಜನರ ಪ್ರೊಫೈಲಿನಲ್ಲಿ ಆತನದೇ ನಂಬರ್ ಇದೆಯೋ! ನಾಚಿಕೆಗಿಂತ ಸಿಟ್ಟು ಹೆಚ್ಚಾದದ್ದು ಆ ಕ್ಷಣದಲ್ಲಿ.

ಲೆಕ್ಕ ಪರಿಶೋಧಕರ ಸಂಸ್ಥೆಗೆ ದೂರು ಕೊಡೋಣ ಎಂದರೆ ಆತ ಸಿಎ ಅಲ್ಲ. ಜಾಹೀರಾತಿನಲ್ಲಿ ಹಾಗೆಂದು ಹೇಳಿಯೂ ಇರಲಿಲ್ಲ, ಹೆಸರಿನ ಮುಂದೆ ‘ಅಸೋಸಿಯೇಟ್ಸ್’ ಅಂಟಿಸಿಕೊಂಡಿದ್ದ, ಅಷ್ಟೇ. ಶುಲ್ಕ ವಾಪಸ್ ಕೇಳಿದೆ. ‘ಮುಂದಿನ ವರ್ಷ ಉಚಿತವಾಗಿ ಮಾಡಿಕೊಡುತ್ತೇನೆ’ ಎಂದ!

ಈಗಿನ ಸ್ಥಿತಿ ಇದು. ತಮ್ಮನ ಸಹಾಯದಿಂದ ಪೋರ್ಟಲಿನಲ್ಲಿ ವಿಳಂಬ ಮನ್ನಾ ಕೋರಿ ಅರ್ಜಿ ಹಾಕಿ, ನೆಟ್ ಬ್ಯಾಂಕಿಂಗ್ ಮೂಲಕ ವೆರಿಫೈ ಮಾಡಿದ್ದೇನೆ. ಆತನ ಸಂದೇಶಗಳನ್ನೇ ಕಾರಣಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅದು ಒಪ್ಪಿಗೆಯಾಗದಿದ್ದರೆ ಸೆಕ್ಷನ್ 119ರ ಅಡಿ ಮೇಲಿನ ಅಧಿಕಾರಿಗಳನ್ನು ಕೇಳಬೇಕು, ಅದಕ್ಕೆ ಐದು ವರ್ಷದ ಅವಕಾಶ ಇದೆ. ಕೊಡುವುದು ಬಿಡುವುದು ಅವರ ವಿವೇಚನೆ. ಅಪ್‌ಡೇಟೆಡ್ ರಿಟರ್ನ್ ಹಾಕಿ ಎಂದು ಕೆಲವರು ಹೇಳುತ್ತಾರೆ, ಕೇಳಬೇಡಿ. ಅದರಲ್ಲಿ ಹೆಚ್ಚಿನ ತೆರಿಗೆ ಕಟ್ಟಬಹುದೇ ಹೊರತು ರೀಫಂಡ್ ಕೇಳುವಂತಿಲ್ಲ.

ನನ್ನಿಂದ ಹೇಳುವುದು ಇಷ್ಟೇ. ಪೋರ್ಟಲಿನ ಪ್ರೊಫೈಲಿನಲ್ಲಿ ನಿಮ್ಮದೇ ಇಮೇಲ್, ನಿಮ್ಮ ಕೈಯಲ್ಲಿರುವ ಫೋನ್ ನಂಬರ್ ಇರಲಿ, ವಿದೇಶದ ನಂಬರನ್ನೂ ಹಾಕಬಹುದು. ಯಾರು ಏನೇ ಪಿಡಿಎಫ್ ಕಳುಹಿಸಲಿ, ನೀವೇ ಒಳಗೆ ಹೋಗಿ ಇ-ವೆರಿಫೈ ಆಗಿದೆ ಎಂಬ ಸಾಲನ್ನು ಕಣ್ಣಾರೆ ನೋಡುವವರೆಗೆ ‘ಧನ್ಯವಾದ’ ಬರೆಯಬೇಡಿ. ಎನ್‌ಆರ್‌ಒ ಖಾತೆಯ ನೆಟ್ ಬ್ಯಾಂಕಿಂಗ್ ಜೀವಂತ ಇಟ್ಟುಕೊಳ್ಳಿ, ನನ್ನನ್ನು ಕಾಪಾಡಿದ್ದು ಅದೊಂದೇ. ಐಟಿಆರ್-1 ಎಂಬ ಪದ ಕಿವಿಗೆ ಬಿದ್ದರೆ ಫೋನ್ ಇಟ್ಟುಬಿಡಿ, ಅನಿವಾಸಿಗಳಿಗೆ ಅದು ಇಲ್ಲವೇ ಇಲ್ಲ. ‘ಗಡುವು ವಿಸ್ತರಣೆ ಆಗುತ್ತದೆ’ ಎನ್ನುವವನಿಗೆ ಮುಂಗಡ ಕೊಡಬೇಡಿ. 2025ರಲ್ಲಿ ಸೆಪ್ಟೆಂಬರ್ 16ರವರೆಗೆ ಹೋಯಿತು ನಿಜ, ಅದನ್ನೇ ಹಿಡಿದುಕೊಂಡು ಇಂಥವರು ಇನ್ನು ನಾಲ್ಕು ವರ್ಷ ಕಥೆ ಹೇಳುತ್ತಾರೆ.

ಆತನ ಜಾಹೀರಾತು ನಮ್ಮ ಗುಂಪಿನಲ್ಲಿ ಈಗಲೂ ಬರುತ್ತಿದೆ, ‘ಸಾವಿರಾರು ಸಂತುಷ್ಟ ಗ್ರಾಹಕರು’ ಎಂಬ ಸಾಲಿನ ಸಮೇತ. ಅದು ಬಂದಾಗಲೆಲ್ಲ ಅದರ ಬೆನ್ನಿಗೇ ಈ ಬರಹವನ್ನು ಹಾಕುತ್ತೇನೆ. ಗುಂಪಿನ ನಿರ್ವಾಹಕರು ತೆಗೆದುಹಾಕಿದರೆ ಮತ್ತೆ ಹಾಕುತ್ತೇನೆ.